ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಅಂದಾಜು ಗಣಿತ ಮತ್ತು ಇಂಗ್ಲಿಷ್ ವ್ಯಾಕರಣ

ಅಂದಾಜು ಗಣಿತ ಮತ್ತು ಇಂಗ್ಲಿಷ್ ವ್ಯಾಕರಣ ಭಾರತದ ಬ್ಯಾಂಕ್ ಹಾಗೂ ಸರ್ಕಾರಿ ನೇಮಕಾತಿ ಪರೀಕ್ಷೆಗಳಲ್ಲಿ ನಿಯತವಾಗಿ ಕಾಣಿಸಿಕೊಳ್ಳುವ ಎರಡು ಅಭ್ಯಾಸವಿಷಯಗಳಾಗಿವೆ. ಮೊದಲನೆಯದರಲ್ಲಿ ಒಂದು ಲೆಕ್ಕದ ನಿಖರ ಉತ್ತರದ ಬದಲು ಅದಕ್ಕೆ ಅತಿ ಸಮೀಪದ ಬೆಲೆಯನ್ನು ಅಲ್ಪ ಸಮಯದಲ್ಲಿ ಗುರುತಿಸಬೇಕಾಗುತ್ತದೆ. ಎರಡನೆಯದರಲ್ಲಿ ವಾಕ್ಯದೋಷ ಪತ್ತೆ, ಬಿಟ್ಟ ಸ್ಥಳ ತುಂಬುವಿಕೆ, ವಾಕ್ಯ ಜೋಡಣೆ ಮುಂತಾದ ಪ್ರಶ್ನೆಗಳು ಬರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ಅಭ್ಯರ್ಥಿಗೆ ಇವೆರಡೂ ಒಂದೇ ರೀತಿಯಲ್ಲಿ ಎದುರಾಗುವುದಿಲ್ಲ. ಅಂದಾಜು ಲೆಕ್ಕದಲ್ಲಿ ಕನ್ನಡದ ಎಣಿಕೆಯ ರೂಢಿ ನೆರವಿಗೆ ಬರುತ್ತದೆ. ಇಂಗ್ಲಿಷ್ ವ್ಯಾಕರಣದಲ್ಲಿ ಕನ್ನಡದ ವಾಕ್ಯರಚನೆ ಕೆಲವು ನಿರ್ದಿಷ್ಟ ಸ್ಥಳಗಳಲ್ಲಿ ದಾರಿ ತಪ್ಪಿಸುತ್ತದೆ. ಆ ಸ್ಥಳಗಳು ಹೆಚ್ಚೇನೂ ಇಲ್ಲ.

ಹಿನ್ನೆಲೆ

ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ ಸಾಮಾನ್ಯ ಲಿಖಿತ ಪರೀಕ್ಷೆ ನಡೆಸುವ ಪದ್ಧತಿಯನ್ನು ಐಬಿಪಿಎಸ್ ಎಂದು ಪರಿಚಿತವಾದ ಬ್ಯಾಂಕಿಂಗ್ ಸಿಬ್ಬಂದಿ ಆಯ್ಕೆ ಸಂಸ್ಥೆ 2011ರಲ್ಲಿ ಆರಂಭಿಸಿತು. ಅದಕ್ಕೆ ಮುನ್ನ ಬ್ಯಾಂಕುಗಳು ಪ್ರತ್ಯೇಕವಾಗಿ ಪರೀಕ್ಷೆ ನಡೆಸುತ್ತಿದ್ದವು. ಕರ್ನಾಟಕದಲ್ಲೇ ಹುಟ್ಟಿದ ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳು ಮತ್ತು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಈ ನಾಡಿನ ಪದವೀಧರರಿಗೆ ಹತ್ತಿರದ ಉದ್ಯೋಗದಾತರಾಗಿದ್ದವು. 2017 ಮತ್ತು 2020ರ ನಡುವೆ ನಡೆದ ವಿಲೀನಗಳಲ್ಲಿ ಇವುಗಳ ಪೈಕಿ ಕೆನರಾ ಬ್ಯಾಂಕಿನ ಹೆಸರು ಮಾತ್ರ ಉಳಿಯಿತು.

ಸಾಮಾನ್ಯ ಪರೀಕ್ಷೆಯ ಪ್ರಶ್ನೆಪತ್ರಿಕೆ ಮೊದಲಿಗೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇದ್ದಿತು. ಗ್ರಾಮೀಣ ಬ್ಯಾಂಕುಗಳ ಅಧಿಕಾರಿ ಶ್ರೇಣಿ–1 ಮತ್ತು ಕಚೇರಿ ಸಹಾಯಕ ಹುದ್ದೆಗಳ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲಾಗುವುದೆಂದು ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2019ರ ಜುಲೈನಲ್ಲಿ ಸಂಸತ್ತಿನಲ್ಲಿ ಪ್ರಕಟಿಸಿದರು. 2021ರ ಸೆಪ್ಟೆಂಬರ್‌ನಲ್ಲಿ ಹಣಕಾಸು ಸಚಿವಾಲಯವು ಸಾರ್ವಜನಿಕ ವಲಯದ 12 ಬ್ಯಾಂಕುಗಳ ಗುಮಾಸ್ತ ಹುದ್ದೆಗಳಿಗೂ ಇದೇ ವ್ಯವಸ್ಥೆಯನ್ನು ಶಿಫಾರಸು ಮಾಡಿತು. ಸಿಬ್ಬಂದಿ ನೇಮಕಾತಿ ಆಯೋಗದ ಬಹುಕಾರ್ಯ ಸಿಬ್ಬಂದಿ ಪರೀಕ್ಷೆಗೆ 2023ರಲ್ಲಿ ಪ್ರಾದೇಶಿಕ ಭಾಷೆಗಳು ಸೇರಿದವು. ರೈಲ್ವೆ ನೇಮಕಾತಿ ಮಂಡಳಿಗಳ ಪರೀಕ್ಷೆಗಳನ್ನೂ ಕನ್ನಡದಲ್ಲಿ ಬರೆಯಬಹುದಾಗಿದೆ.

ಈ ಬದಲಾವಣೆ ಗಣಿತ, ತಾರ್ಕಿಕ ಸಾಮರ್ಥ್ಯ ಮತ್ತು ಸಾಮಾನ್ಯ ಜ್ಞಾನದ ಭಾಗಗಳಿಗೆ ಅನ್ವಯಿಸುತ್ತದೆ. ಇಂಗ್ಲಿಷ್ ಭಾಷಾ ವಿಭಾಗ ಹಾಗೆಯೇ ಉಳಿದಿದೆ. ಐಬಿಪಿಎಸ್ ಗುಮಾಸ್ತ ಹುದ್ದೆಯ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷ್‌ಗೆ 30, ಗಣಿತಕ್ಕೆ 35 ಹಾಗೂ ತಾರ್ಕಿಕ ಸಾಮರ್ಥ್ಯಕ್ಕೆ 35 ಪ್ರಶ್ನೆಗಳಿದ್ದು, ಪ್ರತಿ ವಿಭಾಗಕ್ಕೆ 20 ನಿಮಿಷ ನಿಗದಿಯಾಗಿರುತ್ತದೆ. ಮೂರೂ ವಿಭಾಗಗಳಲ್ಲಿ ಪ್ರತ್ಯೇಕವಾಗಿ ಕನಿಷ್ಠ ಅಂಕ ಪಡೆಯಬೇಕು. ಗಣಿತದಲ್ಲಿ 35ಕ್ಕೆ 32 ಪಡೆದರೂ ಇಂಗ್ಲಿಷ್‌ನಲ್ಲಿ ಕನಿಷ್ಠ ಅಂಕ ತಪ್ಪಿದರೆ ಅಭ್ಯರ್ಥಿ ಮುಂದಿನ ಹಂತಕ್ಕೆ ಹೋಗುವುದಿಲ್ಲ. ಗ್ರಾಮೀಣ ಬ್ಯಾಂಕುಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷ್ ವಿಭಾಗವಿಲ್ಲ. ಆದರೆ ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷ್ ಅಥವಾ ಹಿಂದಿಯನ್ನು ಆರಿಸಿಕೊಳ್ಳಲೇಬೇಕು, ಆ ಆಯ್ಕೆಯಲ್ಲಿ ಕನ್ನಡವಿಲ್ಲ. ಕರ್ನಾಟಕ ಲೋಕಸೇವಾ ಆಯೋಗವು ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ನಡೆಸುವ ಮುಖ್ಯ ಪರೀಕ್ಷೆಯಲ್ಲಿಯೂ ಕನ್ನಡದೊಂದಿಗೆ ಇಂಗ್ಲಿಷ್ ಅರ್ಹತಾ ಪತ್ರಿಕೆಯಾಗಿದೆ.

ಕರ್ನಾಟಕದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಬೋಧಿಸುವುದು 2007–08ರಲ್ಲಿ ಆರಂಭವಾಯಿತು. ಆ ವರ್ಷ ಶಾಲೆಗೆ ಸೇರಿದವರು ಎಸ್‌ಎಸ್‌ಎಲ್‌ಸಿ ಬರೆದದ್ದು 2017ರಲ್ಲಿ. ಅದಕ್ಕಿಂತ ಹಿಂದಿನವರಿಗೆ ಇಂಗ್ಲಿಷ್ ಐದನೆಯ ತರಗತಿಯಿಂದ ದೊರೆಯುತ್ತಿತ್ತು. ಆದ್ದರಿಂದ ಒಂದೇ ಪರೀಕ್ಷಾ ಕೊಠಡಿಯಲ್ಲಿ ಕುಳಿತ ಇಪ್ಪತ್ತೆರಡು ಮತ್ತು ಮೂವತ್ತರ ವಯಸ್ಸಿನ ಇಬ್ಬರ ಶಾಲಾ ಇಂಗ್ಲಿಷ್ ಒಂದೇ ಅವಧಿಯದಾಗಿರುವುದಿಲ್ಲ.

ಅಂದಾಜು ಗಣಿತ

ಬ್ಯಾಂಕ್ ಪರೀಕ್ಷೆಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಸ್ಥಳದಲ್ಲಿ ಬರಬೇಕಾದ ಅಂದಾಜು ಬೆಲೆಯನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಒಟ್ಟಾಗಿ ಬರುತ್ತವೆ. ನಿಖರ ಬೆಲೆಯನ್ನು ಲೆಕ್ಕ ಹಾಕಬೇಕಾಗಿಲ್ಲ ಎಂಬ ಸೂಚನೆಯೂ ಇರುತ್ತದೆ. ಉದಾಹರಣೆಗೆ, 1599.82ರ ಶೇ. 24.97ಕ್ಕೆ 15.03 × 11.98 ಕೂಡಿಸಬೇಕೆಂದಿದ್ದರೆ, ಅದನ್ನು 1600ರ ಕಾಲು ಭಾಗ ಮತ್ತು 15 × 12 ಎಂದು ಓದಲಾಗುತ್ತದೆ. 400 ಮತ್ತು 180 ಸೇರಿ 580. ನಿಖರ ಉತ್ತರ ಸುಮಾರು 579.5.

ಎಷ್ಟು ಸಡಿಲಗೊಳಿಸಬಹುದು ಎಂಬುದನ್ನು ಪ್ರಶ್ನೆಗಿಂತ ಆಯ್ಕೆಗಳೇ ನಿರ್ಧರಿಸುತ್ತವೆ. ಮೇಲಿನ ಲೆಕ್ಕಕ್ಕೆ 520, 550, 580, 610, 640 ಎಂಬ ಆಯ್ಕೆಗಳಿದ್ದರೆ ಎರಡು ಆಯ್ಕೆಗಳ ಅಂತರ 30. ಅದರ ಅರ್ಧ, ಅಂದರೆ 15ರಷ್ಟು ತಪ್ಪಾದರೂ ಸರಿಯುತ್ತರ ಕೈತಪ್ಪುವುದಿಲ್ಲ. ಇದು ಸುಮಾರು ಶೇ. 2.5ರ ಸಡಿಲಿಕೆ. ಆಯ್ಕೆಗಳು 576, 580, 583 ಎಂದು ಒತ್ತಾಗಿದ್ದರೆ ಅದೇ ವಿಧಾನ ಅಪಾಯಕಾರಿ. ಲೆಕ್ಕವನ್ನು ಆರಂಭಿಸುವ ಮುನ್ನ ಆಯ್ಕೆಗಳನ್ನು ನೋಡುವ ಅಭ್ಯಾಸ ಈ ವಿಭಾಗದಲ್ಲಿ ಉಳಿದೆಲ್ಲ ಸೂತ್ರಗಳಿಗಿಂತ ಹೆಚ್ಚು ಉಪಯುಕ್ತವಾದುದು.

ಸಂಖ್ಯೆಗಳನ್ನು ಯಾವ ದಿಕ್ಕಿಗೆ ಸರಿಸಬೇಕು ಎಂಬುದಕ್ಕೂ ಕ್ರಮವಿದೆ. ಗುಣಾಕಾರದಲ್ಲಿ ಒಂದನ್ನು ಏರಿಸಿದರೆ ಇನ್ನೊಂದನ್ನು ಇಳಿಸಬೇಕು. 47 × 53 ಎಂಬುದನ್ನು 50 × 50 ಎಂದು ಭಾವಿಸಿದರೆ 2500 ಬರುತ್ತದೆ. ನಿಖರ ಉತ್ತರ 2491. ಭಾಗಾಕಾರದಲ್ಲಿ ಇದಕ್ಕೆ ವಿರುದ್ಧವಾಗಿ ಎರಡನ್ನೂ ಒಂದೇ ದಿಕ್ಕಿಗೆ ಸರಿಸಬೇಕು. 4187 ÷ 59 ಎಂಬುದನ್ನು 4200 ÷ 60 ಎಂದು ಮಾಡಿದರೆ 70 ದೊರೆಯುತ್ತದೆ, ನಿಖರ ಉತ್ತರ 70.97. ಭಾಜ್ಯವನ್ನು 4100ಕ್ಕೆ ಇಳಿಸಿ ಭಾಜಕವನ್ನು 60ಕ್ಕೆ ಏರಿಸಿದ್ದರೆ ಉತ್ತರ 68.3ಕ್ಕೆ ಜಾರುತ್ತಿತ್ತು.

ವ್ಯವಕಲನವೇ ಹೆಚ್ಚು ಮೋಸಗೊಳಿಸುವ ಕ್ರಿಯೆ. 7012ರಿಂದ 6987ನ್ನು ಕಳೆದರೆ 25. ಎರಡನ್ನೂ ಸಮೀಪದ ನೂರಕ್ಕೆ ತಂದರೆ ಉತ್ತರ ಸೊನ್ನೆ. ಹತ್ತಕ್ಕೆ ತಂದರೆ 20. ಪರಸ್ಪರ ಸಮೀಪವಿರುವ ಎರಡು ಸಂಖ್ಯೆಗಳ ವ್ಯತ್ಯಾಸವನ್ನು ಕೇಳಿದಾಗ ಅಂದಾಜು ಮಾಡಬಾರದು, ಆ ವ್ಯತ್ಯಾಸ ಭಾಜಕದ ಸ್ಥಾನದಲ್ಲಿದ್ದರಂತೂ ಮಾಡಲೇಬಾರದು. ಮಾರಾಟದ ಬೆಲೆಯಿಂದ ಕೊಂಡ ಬೆಲೆಯನ್ನು ಕಳೆಯುವ ಲಾಭ–ನಷ್ಟದ ಲೆಕ್ಕಗಳಲ್ಲಿ ಈ ಸಂದರ್ಭ ಪದೇ ಪದೇ ಬರುತ್ತದೆ.

ವರ್ಗಮೂಲಕ್ಕೆ ಸಮೀಪದ ಪೂರ್ಣವರ್ಗವನ್ನು ಆಧಾರವಾಗಿ ಇಟ್ಟುಕೊಳ್ಳಲಾಗುತ್ತದೆ. 2922ರ ವರ್ಗಮೂಲ ಬೇಕಾದಾಗ 54ರ ವರ್ಗ 2916 ಎಂಬುದು ನೆನಪಿದ್ದರೆ, ಉಳಿದ 6ನ್ನು 54ರ ಎರಡರಷ್ಟಾದ 108ರಿಂದ ಭಾಗಿಸಿ ಕೂಡಿಸಬೇಕು. ಸುಮಾರು 54.06 ಬರುತ್ತದೆ. 1ರಿಂದ 30ರವರೆಗಿನ ವರ್ಗಗಳನ್ನು ಬಾಯಿಪಾಠ ಮಾಡಬೇಕೆಂದು ಮಾರ್ಗದರ್ಶಿ ಪುಸ್ತಕಗಳು ಒತ್ತಾಯಿಸುವುದಕ್ಕೆ ಕಾರಣ ಇದೇ.

ಆಣೆಯ ಲೆಕ್ಕ ಮತ್ತು ಶೇಕಡಾವಾರು

ಶೇಕಡಾವಾರನ್ನು ಭಿನ್ನರಾಶಿಯಾಗಿ ಓದುವುದು ಈ ಅಭ್ಯಾಸದ ತಿರುಳು. ಶೇ. 12.5 ಎಂದರೆ ಎಂಟನೇ ಒಂದು, ಶೇ. 37.5 ಎಂದರೆ ಎಂಟನೇ ಮೂರು ಎಂಬ ಪಟ್ಟಿಯನ್ನು ತರಬೇತಿ ಕೇಂದ್ರಗಳಲ್ಲಿ ಹೊಸದಾಗಿ ಕಲಿಸಲಾಗುತ್ತದೆ. ಕನ್ನಡದ ಮನೆಮಾತಿನಲ್ಲಿ ಇದು ಹಳೆಯ ಲೆಕ್ಕ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬರುವವರೆಗೆ ಒಂದು ರೂಪಾಯಿಗೆ 16 ಆಣೆಗಳಿದ್ದವು. ಒಂದಾಣೆ ಶೇ. 6.25, ಎರಡಾಣೆ ಶೇ. 12.5, ನಾಲ್ಕಾಣೆ ಶೇ. 25, ಆರಾಣೆ ಶೇ. 37.5, ಹತ್ತಾಣೆ ಶೇ. 62.5, ಹದಿನಾಲ್ಕಾಣೆ ಶೇ. 87.5. ನಾಣ್ಯ ಹೋದರೂ ‘ಎಂಟಾಣೆ’, ‘ಹದಿನಾರಾಣೆ ಸತ್ಯ’ ಎಂಬ ಮಾತುಗಳು ಉಳಿದಿವೆ. 4807ರ ಶೇ. 37.48 ಎಷ್ಟೆಂಬ ಪ್ರಶ್ನೆಯನ್ನು 4800ರ ಆರಾಣೆ ಪಾಲು ಎಂದು ಓದುವವರಿಗೆ 1800 ಎಂಬ ಉತ್ತರ ಕಾಗದವಿಲ್ಲದೆ ಬರುತ್ತದೆ. ನಿಖರ ಬೆಲೆ ಸುಮಾರು 1801.7.

ಅಂಕಲಿಪಿಗಳಲ್ಲಿ ಪೂರ್ಣಾಂಕಗಳ ಮಗ್ಗಿಯೊಂದಿಗೆ ಕಾಲು, ಅರೆ, ಮುಕ್ಕಾಲು ಮಗ್ಗಿಗಳೂ ಇರುತ್ತಿದ್ದವು. ಹನ್ನೆರಡು ಮುಕ್ಕಾಲು ಒಂಬತ್ತು ಎಂದು ಒಪ್ಪಿಸುತ್ತಿದ್ದ ತಲೆಮಾರಿಗೆ 12ರ ಶೇ. 75 ಎಂಬುದು ಬೇರೆ ಲೆಕ್ಕವಾಗಿರಲಿಲ್ಲ. ವ್ಯಾಪಾರದ ಗಣಿತವನ್ನು ಕನ್ನಡದಲ್ಲೇ ಬರೆಯುವ ಪರಂಪರೆ ಇನ್ನೂ ಹಿಂದಿನದು. 12ನೇ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ ಅದರ ಆರಂಭದ ಕೃತಿಗಳಲ್ಲೊಂದು. ಆಣೆಯ ಲೆಕ್ಕಕ್ಕೆ ಒಂದು ಮಿತಿಯಿದೆ. ಮೂರು, ಆರು, ಏಳು, ಒಂಬತ್ತು ಮತ್ತು ಹನ್ನೊಂದರ ಭಾಗಗಳು ಹದಿನಾರಕ್ಕೆ ಹೊಂದಿಕೊಳ್ಳುವುದಿಲ್ಲ. ಶೇ. 33.33, 16.67, 14.28, 11.11 ಮತ್ತು 9.09 ಎಂಬ ಬೆಲೆಗಳನ್ನು ಪ್ರತ್ಯೇಕವಾಗಿ ನೆನಪಿಡಬೇಕು.

ಇಂಗ್ಲಿಷ್ ವ್ಯಾಕರಣ

ರೆನ್ ಮತ್ತು ಮಾರ್ಟಿನ್ ಅವರ ಬ್ರಿಟಿಷ್ ಆಳ್ವಿಕೆಯ ಕಾಲದ ಪ್ರೌಢಶಾಲಾ ವ್ಯಾಕರಣ ಪುಸ್ತಕ ಇಂದಿಗೂ ಅಭ್ಯರ್ಥಿಗಳ ಕೈಯಲ್ಲಿದೆ. ಅದು ಕನ್ನಡಿಗರನ್ನು ಉದ್ದೇಶಿಸಿ ಬರೆದುದಲ್ಲ. ಆದ್ದರಿಂದ ಕನ್ನಡ ಮಾತನಾಡುವವರು ಎಲ್ಲಿ ಎಡವುತ್ತಾರೆ ಎಂಬುದನ್ನು ಅದು ಹೇಳುವುದಿಲ್ಲ. ಮೊದಲ ಪುಟದಿಂದ ಕೊನೆಯವರೆಗೆ ಓದುವ ಬದಲು ಎರಡು ಭಾಷೆಗಳು ಬೇರೆಯಾಗುವ ಜಾಗಗಳನ್ನು ಗುರುತಿಸಿಕೊಂಡು ಆ ಅಧ್ಯಾಯಗಳನ್ನು ಮೊದಲು ಅಭ್ಯಸಿಸುವುದು ಲಾಭಕರ.

ಕಾಲಸೂಚಕ ರಚನೆ ಇವುಗಳಲ್ಲಿ ಮುಖ್ಯವಾದುದು. ‘2019ರಿಂದ ಇಲ್ಲಿದ್ದೇನೆ’, ‘ಐದು ವರ್ಷದಿಂದ ಇಲ್ಲಿದ್ದೇನೆ’ ಎಂಬ ಎರಡು ವಾಕ್ಯಗಳಲ್ಲೂ ಕನ್ನಡ ‘ಇಂದ’ ಪ್ರತ್ಯಯವನ್ನೇ ಬಳಸುತ್ತದೆ, ಕ್ರಿಯಾಪದವೂ ವರ್ತಮಾನದ್ದೇ. ಇಂಗ್ಲಿಷ್‌ನಲ್ಲಿ ಆರಂಭದ ಬಿಂದುವಿಗೆ ‘ಸಿನ್ಸ್’, ಅವಧಿಗೆ ‘ಫಾರ್’ ಬೇಕು ಮತ್ತು ಕ್ರಿಯಾಪದ ‘ಹ್ಯಾವ್ ಬೀನ್’ ರೂಪ ತಾಳಬೇಕು. ‘ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬ ವಾಕ್ಯದಲ್ಲಿ ಎರಡು ದೋಷಗಳಿವೆ. ಕನ್ನಡದ ಕಿವಿಗೆ ಒಂದೂ ಕೇಳಿಸುವುದಿಲ್ಲ.

‘ನಾನು ಬರುತ್ತೇನೆ ಎಂದು ಅವನು ಹೇಳಿದನು’ ಎಂಬಲ್ಲಿ ‘ಎಂದು’ ಪದವು ಆಡಿದ ಮಾತನ್ನು ಇದ್ದಂತೆಯೇ ಒಯ್ಯುತ್ತದೆ. ಪುರುಷವಾಗಲೀ ಕಾಲವಾಗಲೀ ಬದಲಾಗುವುದಿಲ್ಲ. ಇಂಗ್ಲಿಷ್‌ನ ಪರೋಕ್ಷ ಕಥನದಲ್ಲಿ ಎರಡೂ ಬದಲಾಗಿ ‘ಹಿ ಸೆಡ್ ದಟ್ ಹಿ ವುಡ್ ಕಮ್’ ಆಗುತ್ತದೆ. ಪರೋಕ್ಷ ಪ್ರಶ್ನೆಯೂ ಹೀಗೆಯೇ. ‘ಐ ಆಸ್ಕ್ಡ್ ಹಿಮ್ ವೇರ್ ವಾಸ್ ಹಿ ಗೋಯಿಂಗ್’ ಎಂಬುದು ತಪ್ಪು. ‘ವೇರ್ ಹಿ ವಾಸ್ ಗೋಯಿಂಗ್’ ಎಂದಾಗಬೇಕು.

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ನಾಮಪದದ ಹಿಂದೆ ಅಂಟಿಕೊಳ್ಳುತ್ತದೆ, ಇಂಗ್ಲಿಷ್‌ನಲ್ಲಿ ಉಪಸರ್ಗ ಮುಂದೆ ನಿಲ್ಲುತ್ತದೆ. ಸ್ಥಾನಭೇದವನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಉಳಿಯುವ ತೊಂದರೆ ಯಾವ ಉಪಸರ್ಗ ಎಂಬುದು. ‘ವಿಷಯದ ಬಗ್ಗೆ ಚರ್ಚಿಸಿದರು’ ಎಂಬುದರ ನೆರಳಿನಲ್ಲಿ ‘ಡಿಸ್ಕಸ್ಡ್ ಅಬೌಟ್’ ಬರುತ್ತದೆ, ಆದರೆ ‘ಡಿಸ್ಕಸ್’ ಕ್ರಿಯಾಪದಕ್ಕೆ ಉಪಸರ್ಗ ಬೇಕಿಲ್ಲ. ‘ಅವನ ಜೊತೆ ಮದುವೆ’ ಎಂಬುದರಿಂದ ‘ಮ್ಯಾರೀಡ್ ವಿತ್’ ಬರುತ್ತದೆ, ‘ಮ್ಯಾರೀಡ್ ಟು’ ಸರಿ. ‘ಅವನಿಗಿಂತ ಹಿರಿಯ’ ಎಂಬುದರಿಂದ ‘ಸೀನಿಯರ್ ದ್ಯಾನ್’ ಬರುತ್ತದೆ, ‘ಸೀನಿಯರ್ ಟು’ ಸರಿ. ಇವುಗಳಿಗೆ ನಿಯಮವಿಲ್ಲ; ಜೋಡಿಗಳನ್ನೇ ನೆನಪಿಡಬೇಕು.

ವಚನದ ವಿಷಯದಲ್ಲಿ ಕನ್ನಡ ಎರಡು ಕಡೆ ಉದಾರವಾಗಿದೆ. ‘ಹತ್ತು ಮರ’, ‘ನಾಲ್ಕು ಪುಸ್ತಕ’ ಎಂಬಲ್ಲಿ ಬಹುವಚನ ಪ್ರತ್ಯಯ ಕಡ್ಡಾಯವಲ್ಲ; ಇನ್ನೊಂದೆಡೆ ‘ಮಾಹಿತಿಗಳು’, ‘ಸಲಹೆಗಳು’ ಎಂದೂ ಹೇಳಬಹುದು. ಇಂಗ್ಲಿಷ್‌ನಲ್ಲಿ ಮೊದಲನೆಯದಕ್ಕೆ ಬಹುವಚನ ಬೇಕೇ ಬೇಕು, ‘ಇನ್ಫರ್ಮೇಶನ್’ ಮತ್ತು ‘ಅಡ್ವೈಸ್’ ಪದಗಳಿಗೆ ಅದು ಕೂಡದು. ಗೌರವ ಬಹುವಚನವೂ ತೊಡಕು ತರುತ್ತದೆ. ‘ತಂದೆಯವರು ಬಂದಿದ್ದಾರೆ’ ಎಂದು ಬಹುವಚನದಲ್ಲಿ ಯೋಚಿಸಿದವರು ‘ಹ್ಯಾಸ್’ ಬದಲಿಗೆ ‘ಹ್ಯಾವ್’ ಬರೆಯುವ ಸಾಧ್ಯತೆಯಿದೆ. ಕರ್ತೃ ಮತ್ತು ಕ್ರಿಯಾಪದದ ನಡುವೆ ಬೇರೊಂದು ನಾಮಪದವನ್ನು ತೂರಿಸುವುದು ಪ್ರಶ್ನೆ ರೂಪಿಸುವವರ ನೆಚ್ಚಿನ ತಂತ್ರ. ‘ದ ಪ್ರೈಸ್ ಆಫ್ ಪೊಟ್ಯಾಟೋಸ್ ಹ್ಯಾವ್ ಫಾಲನ್’ ಎಂಬಲ್ಲಿ ಬಿದ್ದದ್ದು ಬೆಲೆ, ಆಲೂಗಡ್ಡೆಗಳಲ್ಲ, ಆದ್ದರಿಂದ ‘ಹ್ಯಾಸ್’.

ಕನ್ನಡದಲ್ಲಿ ‘ಹ್ಯಾವ್’ಗೆ ಸಮನಾದ ಕ್ರಿಯಾಪದವಿಲ್ಲ. ‘ನನಗೆ ಎರಡು ಮನೆಗಳಿವೆ’ ಎಂಬುದು ‘ಐ ಆ್ಯಮ್ ಹ್ಯಾವಿಂಗ್’ ಆಗಬಾರದು. ನಿರ್ದಿಷ್ಟ ಗುಣವಾಚಿಯಾದ ‘ದ’ ಕೂಡ ಕನ್ನಡದಲ್ಲಿಲ್ಲ. ‘ಎ’ ಮತ್ತು ‘ಆ್ಯನ್’ ಆಯ್ಕೆಯಲ್ಲಿ ಕಿವಿಯನ್ನು ನಂಬಬೇಕೇ ಹೊರತು ಕಾಗುಣಿತವನ್ನಲ್ಲ: ‘ಆ್ಯನ್ ಅವರ್’, ‘ಎ ಯೂನಿವರ್ಸಿಟಿ’, ‘ಆ್ಯನ್ ಎಂಎಲ್‌ಎ’. ‘ಅಲ್ಲವೇ’ ಎಂಬ ಒಂದೇ ಮಾತು ಕನ್ನಡದ ಎಲ್ಲ ವಾಕ್ಯಗಳ ಬಾಲಕ್ಕೂ ಸಲ್ಲುತ್ತದೆ, ಇಂಗ್ಲಿಷ್‌ನ ಬಾಲಪ್ರಶ್ನೆ ಪ್ರತಿ ವಾಕ್ಯದ ಸಹಾಯಕ ಕ್ರಿಯಾಪದಕ್ಕೆ ತಕ್ಕಂತೆ ಬದಲಾಗುತ್ತದೆ.

ಋಣಾಂಕ ಮತ್ತು ಊಹೆ

ಐದು ಆಯ್ಕೆಗಳಿದ್ದು ತಪ್ಪುತ್ತರಕ್ಕೆ ಕಾಲು ಅಂಕ ಕಡಿತವಿರುವ ಬ್ಯಾಂಕ್ ಪರೀಕ್ಷೆಯಲ್ಲಿ ಕುರುಡು ಊಹೆಯಿಂದ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ: ಐದರಲ್ಲಿ ಒಂದು ಸರಿಯಾಗಿ 1 ಅಂಕ ಬಂದರೆ ಉಳಿದ ನಾಲ್ಕರಿಂದ ನಾಲ್ಕು ಕಾಲು ಅಂಕಗಳು ಹೋಗುತ್ತವೆ. ಒಂದು ಆಯ್ಕೆಯನ್ನು ಖಚಿತವಾಗಿ ತೆಗೆದುಹಾಕಿದರೂ ಪ್ರತಿ ಪ್ರಶ್ನೆಗೆ ಸರಾಸರಿ ಹದಿನಾರನೇ ಒಂದು ಅಂಕದ ಲಾಭವಾಗುತ್ತದೆ. ಮೂರನ್ನು ತೆಗೆದುಹಾಕಿದರೆ ಲಾಭ ಎಂಟನೇ ಮೂರು ಅಂಕಕ್ಕೆ, ಆರಾಣೆಗೆ, ಏರುತ್ತದೆ. ಅಂದಾಜು ಲೆಕ್ಕದ ಬಳಕೆ ಇಲ್ಲಿಯೂ ಇದೆ. ಉತ್ತರ ದೊರೆಯದಿದ್ದರೂ ಅಸಾಧ್ಯವಾದ ಆಯ್ಕೆಗಳು ಕಣ್ಣಿಗೆ ಬೀಳುತ್ತವೆ. ಆದರೆ ಗಣಿತ ವಿಭಾಗದಲ್ಲಿ ಪ್ರಶ್ನೆಯೊಂದಕ್ಕೆ ಸರಾಸರಿ ದೊರೆಯುವುದು ಸುಮಾರು 34 ಸೆಕೆಂಡ್, ಇಂಗ್ಲಿಷ್‌ನಲ್ಲಿ 40 ಸೆಕೆಂಡ್. ಒಂದು ಪ್ರಶ್ನೆಯ ಮೇಲೆ ಎರಡು ನಿಮಿಷ ಕಳೆಯುವುದು ತಪ್ಪುತ್ತರಕ್ಕಿಂತ ದುಬಾರಿ.

ಹಾಸನ ಸೀಮೆಯಲ್ಲಿ ಅಭ್ಯಾಸ

ರಾಜ್ಯದಲ್ಲಿ ತರಬೇತಿ ಕೇಂದ್ರಗಳು ಧಾರವಾಡ, ವಿಜಯಪುರ ಮತ್ತು ಬೆಂಗಳೂರಿನ ವಿಜಯನಗರದಂತಹ ಕಡೆ ದಟ್ಟವಾಗಿವೆ. ಹಾಸನ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಾಲಗಾಮೆ, ಅಥವಾ ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳ ಅಭ್ಯರ್ಥಿಗೆ ಅಲ್ಲಿ ತಿಂಗಳುಗಟ್ಟಲೆ ಕೋಣೆ ಹಿಡಿದು ಉಳಿಯುವುದೇ ದೊಡ್ಡ ಖರ್ಚು. ಬೇಸಾಯದ ಮನೆಗಳಲ್ಲಿ ಅದು ಬೆಳೆಯ ಬೆಲೆಯನ್ನು ಅವಲಂಬಿಸುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿದ್ದು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ಹತ್ತಿರದ ಸ್ಥಳ ಅವೇ ಆಗಿವೆ. ಅಂದಾಜು ಗಣಿತ ಮತ್ತು ವ್ಯಾಕರಣ ಎರಡೂ ತರಗತಿಗಿಂತ ದಿನನಿತ್ಯದ ಪುನರಾವರ್ತನೆಯನ್ನು ಬೇಡುವ ವಿಷಯಗಳಾದ್ದರಿಂದ ಊರಿನಲ್ಲೇ ಉಳಿದು ಅಭ್ಯಸಿಸುವವರಿಗೆ ಇವುಗಳಲ್ಲಿ ಹಿನ್ನಡೆ ಕಡಿಮೆ.

ಅಂದಾಜಿಗೆ ಸುತ್ತಲಿನ ಅಂಕಿಗಳೇ ಸಾಕು. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ, ಸಂಗ್ರಹ ಸಾಮರ್ಥ್ಯ 37.1 ಟಿಎಂಸಿ ಅಡಿ. ಒಂದು ದಿನ 27.9 ಟಿಎಂಸಿ ನೀರಿದೆ ಎಂದು ಭಾವಿಸಿದರೆ ಅದು ಎಷ್ಟು ಶೇಕಡಾ? 37.1ರ ಮುಕ್ಕಾಲು ಸುಮಾರು 27.8; ಆದ್ದರಿಂದ ಶೇ. 75ಕ್ಕೆ ತುಸು ಹೆಚ್ಚು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಗೊಮ್ಮಟಮೂರ್ತಿಯ ಎತ್ತರ ಸುಮಾರು 57 ಅಡಿ. ಒಂದು ಅಡಿಗೆ 0.3048 ಮೀಟರ್. 57ರ ಶೇ. 30 ಎಂದರೆ 17.1, ಅದಕ್ಕೆ 57ರ ಶೇ. 0.5 ಸೇರಿಸಿದರೆ ಸುಮಾರು 17.4 ಮೀಟರ್.

ವ್ಯಾಕರಣಕ್ಕೆ ಉಪಯುಕ್ತವಾದ ಒಂದು ಸುಲಭ ಕ್ರಮವಿದೆ. ‘ಪ್ರಜಾವಾಣಿ’ ಮತ್ತು ‘ಡೆಕ್ಕನ್ ಹೆರಾಲ್ಡ್’ ಒಂದೇ ಸಂಸ್ಥೆಯಿಂದ 1948ರಿಂದ ಪ್ರಕಟವಾಗುತ್ತಿರುವ ದಿನಪತ್ರಿಕೆಗಳು. ಒಂದೇ ಘಟನೆಯ ವರದಿಯನ್ನು ಎರಡರಲ್ಲೂ ಓದಿ, ಕನ್ನಡದ ‘ಇಂದ’, ‘ಬಗ್ಗೆ’, ‘ಎಂದು’ ಪದಗಳ ಎದುರಿಗೆ ಇಂಗ್ಲಿಷ್ ವರದಿ ಏನನ್ನು ಬಳಸಿದೆ ಎಂದು ಗುರುತು ಹಾಕಿಕೊಂಡರೆ ಮೇಲೆ ಹೇಳಿದ ಭೇದಗಳಲ್ಲಿ ಹೆಚ್ಚಿನವು ಕೆಲವೇ ವಾರಗಳಲ್ಲಿ ಎದುರಾಗುತ್ತವೆ.

ಪ್ರಶ್ನೆಪತ್ರಿಕೆಯ ಕನ್ನಡ

ಕನ್ನಡದಲ್ಲಿ ಪರೀಕ್ಷೆ ಬರೆಯುವವರು ಗಣಿತದ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ತಿಳಿದಿರಬೇಕಾಗುತ್ತದೆ. ಮಾರ್ಗದರ್ಶಿ ಪುಸ್ತಕಗಳಲ್ಲಿ ಬಹುಪಾಲು ಇಂಗ್ಲಿಷ್‌ನಲ್ಲಿರುವುದರಿಂದ, ‘ಕಾಂಪೌಂಡ್ ಇಂಟರೆಸ್ಟ್’ ಎಂದು ಅಭ್ಯಸಿಸಿದವರು ಪರೀಕ್ಷೆಯಲ್ಲಿ ‘ಚಕ್ರಬಡ್ಡಿ’ ಎಂಬುದನ್ನೂ, ‘ರೇಷಿಯೊ’ ಎಂದು ಕಲಿತವರು ‘ಅನುಪಾತ’ವನ್ನೂ ಒಂದು ಕ್ಷಣ ನಿಂತು ಓದುತ್ತಾರೆ. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪಾಠವೇ ಅಂತಿಮ ಎಂಬ ಸೂಚನೆ ಹಲವು ಪ್ರಶ್ನೆಪತ್ರಿಕೆಗಳಲ್ಲಿರುತ್ತದೆ. ಇದರ ಪರಿಣಾಮ ಗಂಭೀರ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗಾಗಿ ಕರ್ನಾಟಕ ಲೋಕಸೇವಾ ಆಯೋಗವು 2024ರ ಆಗಸ್ಟ್ 27ರಂದು ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳಲ್ಲಿ ಅನುವಾದ ದೋಷಗಳಿವೆಯೆಂದು ಅಭ್ಯರ್ಥಿಗಳು ಪ್ರತಿಭಟಿಸಿದ ನಂತರ ಮರುಪರೀಕ್ಷೆಗೆ ರಾಜ್ಯ ಸರ್ಕಾರ ಸೂಚಿಸಿತು. ಡಿಸೆಂಬರ್ 29ರಂದು ನಡೆದ ಮರುಪರೀಕ್ಷೆಯ ಪ್ರಶ್ನೆಪತ್ರಿಕೆಯ ಬಗೆಗೂ ಅದೇ ಆಕ್ಷೇಪ ಕೇಳಿಬಂತು. ಕನ್ನಡ ಪಾಠ ಅಸ್ಪಷ್ಟವಾಗಿದ್ದಾಗ ಇಂಗ್ಲಿಷ್ ಪಾಠವನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲವರು ಮುಂದೆ ಹೋಗುತ್ತಾರೆ. ಹೀಗಾಗಿ ಇಂಗ್ಲಿಷ್ ವಿಭಾಗವೇ ಇಲ್ಲದ ಪರೀಕ್ಷೆಯಲ್ಲಿಯೂ ಇಂಗ್ಲಿಷ್ ವಾಕ್ಯವನ್ನು ಬಿಡಿಸಿ ಓದುವ ಅಭ್ಯಾಸಕ್ಕೆ ಅಂಕಗಳು ಸಲ್ಲುತ್ತಿವೆ.